ಗೌರಮ್ಮನ ಇಂಗ್ಲಿಷ್ ಮಗ್ಗಿ

೧೯೩೭ರಲ್ಲಿ ನಾನು ಹೊಸಪೇಟೆಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುವ ಅಸಿಸ್ಟೆಂಟ್ ಟೀಚರಾಗಿದ್ದೆ. ಕೆಲಸಕ್ಕೆ ಸೇರಿ ಒಂಬತ್ತು ವರ್ಷವಾಗಿತ್ತು. ಶಾಲೆ ಬಿಟ್ಟ ಮೇಲೆ ನಾಲ್ಕೂವರೆಯಿಂದ ಆರರವರೆಗೆ ನಮ್ಮ ಮನೆಯ ಪಡಸಾಲೆಯಲ್ಲಿ, ಇಂಗ್ಲಿಷ್ ಪರೀಕ್ಷೆಗೆ ಕೂರುವ ಹೆಂಗಸರಿಗೆ ಪಾಠ ಹೇಳುತ್ತಿದ್ದೆ. ಯಾವ ದಿನ ಯಾರು ಬಂದರು, ಏನು ಕಲಿತರು, ಎಲ್ಲಿ ತಡವರಿಸಿದರು ಎಂಬುದನ್ನು ದಿನಚರಿಯಲ್ಲಿ ಬರೆದಿಡುವ ಅಭ್ಯಾಸ ನನಗೆ ಮೊದಲಿನಿಂದಲೂ ಇದೆ. ಅದೇ ಪುಟಗಳಲ್ಲಿ ಮೆಣಸಿನಕಾಯಿ ಒಣಹಾಕಿದ್ದು, ಬಾವಿಯ ಹಗ್ಗ ಬದಲಿಸಿದ್ದು ಕೂಡ ಇವೆ. ಆ ವರ್ಷದ ಪುಸ್ತಕದಲ್ಲಿ ಗೌರಮ್ಮನ ಹೆಸರು ಮೊದಲು ಕಾಣುವುದು ನವೆಂಬರಿನಲ್ಲಿ.

ಗೌರಮ್ಮ ಹೊಸಪೇಟೆಯ ಆಸ್ಪತ್ರೆಯೊಂದರ ಹೆಂಗಸರ ವಾರ್ಡಿನಲ್ಲಿ ಆಯಾ. ತವರು ಕಂಪ್ಲಿ. ಅಲ್ಲಿ ಥರ್ಡ್ ಫಾರಂವರೆಗೆ, ಅಂದರೆ ಎಂಟನೆಯ ತರಗತಿವರೆಗೆ, ಓದಿದ್ದಳು. ಗಂಡ ಸಿದ್ದಪ್ಪ ಸ್ಟೇಷನ್ನಿಗೆ ಜಟಕಾ ಹೊಡೆಯುತ್ತಿದ್ದ. ಅವಳಿಗೆ ನರ್ಸಾಗಬೇಕಿತ್ತು. ತರಬೇತಿಗೆ ಸೇರಲು ಒಂದು ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕು. ಬರೆಯುವುದು ಅರವತ್ತು ಅಂಕ, ಮಾತಿನದು ನಲವತ್ತು, ಎರಡರಲ್ಲೂ ಪಾಸಾಗಲೇಬೇಕು. ಮೂವತ್ತು ತುಂಬಿದವರ ಅರ್ಜಿ ತೆಗೆದುಕೊಳ್ಳುತ್ತಿರಲಿಲ್ಲ. ಅವಳಿಗೆ ಇಪ್ಪತ್ತೊಂಬತ್ತು ತುಂಬಿತ್ತು, ಪರೀಕ್ಷೆ ವರ್ಷಕ್ಕೊಮ್ಮೆ. ಅಂದರೆ ಇದೊಂದೇ ಸಲ.

“ಆರು ವರ್ಷ ಆತ್ರಿ ಅಕ್ಕೋರ,” ಎಂದಳು ಮೊದಲ ದಿನವೇ. ನಮ್ಮ ಕಡೆ ಹೆಣ್ಣು ಟೀಚರನ್ನು ಅಕ್ಕೋರು ಎಂದೇ ಕರೆಯುವುದು. “ಬಿಸಿನೀರು ನಾ ಕಾಯಿಸ್ಬೇಕು, ಅರಿವಿ ನಾ ಕುದಿಸ್ಬೇಕು. ಕೂಸು ಬರೂ ಹೊತ್ತಿಗೆ ನರ್ಸಮ್ಮ ಇರ್ಲಿಲ್ಲಂದ್ರ ಆ ತಾಯಿ ಮುಖ ನೋಡ್ಕೊಂತ ನಿಂದ್ರಬೇಕು. ಮುಟ್ಟಾಂಗಿಲ್ಲ. ಮೊನ್ನೆ ಸಂಡೂರಿನ ಹುಡುಗಿ ನನ್ನ ಸೆರಗು ಹಿಡ್ಕೊಂಡು ಒದರಾಕತ್ತಿದ್ಲು. ನಾ ಕೈ ಕಟ್ಕೊಂಡು ನಿಂತಿದ್ದೆ.”

ಆ ಮಾತು ಕೇಳಿದ ಮೇಲೆ ಅವಳ ಪರೀಕ್ಷೆ ನನ್ನದೇ ಪರೀಕ್ಷೆ ಆಗಿಹೋಯಿತು.

ಅವಳಿಗೆ ಅಕ್ಷರ, ಓದು, ಸಣ್ಣ ವಾಕ್ಯ ಎಲ್ಲ ಬರುತ್ತಿತ್ತು. ಕಷ್ಟವಾಗುತ್ತಿದ್ದದ್ದು ಎರಡು ಕಡೆ. ಒಂದು, ಜೋಡಿಪದಗಳು. ಇಂಗ್ಲಿಷಿನಲ್ಲಿ ಯಾವ ಪದ ಯಾವುದರ ಜೊತೆ ಕೂಡುತ್ತದೆ ಎಂಬುದಕ್ಕೆ ಕೊಲೊಕೇಷನ್ ಎನ್ನುತ್ತಾರೆ. ನಾವು ಊಟ ಮಾಡುತ್ತೇವೆ, ಸ್ನಾನ ಮಾಡುತ್ತೇವೆ, ನಿದ್ದೆ ಮಾಡುತ್ತೇವೆ. ಎಲ್ಲಕ್ಕೂ ‘ಮಾಡು’ ಒಂದಿದ್ದರೆ ಸಂಸಾರ ಸಾಗುತ್ತದೆ. ಅವರಿಗೆ ಹಾಗಲ್ಲ. ಹಾಸಿಗೆಯನ್ನು ‘ಮೇಕ್’ ಮಾಡಬೇಕು, ಟೆಂಪರೇಚರನ್ನು ‘ಟೇಕ್’ ಮಾಡಬೇಕು, ನಾಡಿಯನ್ನು ‘ಫೀಲ್’ ಮಾಡಬೇಕು. ಇನ್ನೊಂದು ಫ್ರೇಸಲ್ ವರ್ಬ್. ‘ಕಮ್’ ಎಂಬ ಸಾಧಾರಣ ಕ್ರಿಯಾಪದಕ್ಕೆ ಒಂದು ಬಾಲ ಹಚ್ಚಿದರೆ ಅರ್ಥವೇ ಬೇರೆಯಾಗುತ್ತದೆ. ‘ಕಮ್ ರೌಂಡ್’ ಎಂದರೆ ಎಚ್ಚರ ತಪ್ಪಿದವರು ಮತ್ತೆ ಎಚ್ಚರಗೊಳ್ಳುವುದು, ‘ಕಮ್ ಆಫ್’ ಎಂದರೆ ಅಂಟಿದ್ದು ಕಳಚಿಕೊಳ್ಳುವುದು. ಪರೀಕ್ಷೆಯಲ್ಲಿ ಇವನ್ನೇ ಕೆದಕಿ ಕೇಳುತ್ತಿದ್ದರು.

ನನ್ನ ಕಲಿಸುವ ಪದ್ಧತಿ ನಾನು ಕಲಿತ ಪದ್ಧತಿಯೇ. ನನ್ನ ತಂದೆ ಮಠದ ಶಾಲೆಯಲ್ಲಿ ಮಗ್ಗಿ ಹೇಳಿಸುತ್ತಿದ್ದರು. ನಾನು ಇಂಗ್ಲಿಷಿಗೂ ಮಗ್ಗಿ ಕಟ್ಟಿದ್ದೆ. ‘ಕಮ್’ ಮಗ್ಗಿಯಲ್ಲಿ ಹನ್ನೊಂದು, ‘ಪುಟ್’ ಮಗ್ಗಿಯಲ್ಲಿ ಹದಿಮೂರು, ಅಕಾರಾದಿಯಾಗಿ. ಕಾಲು ಮಡಚಿ, ಕೈ ಕಟ್ಟಿ, ನನ್ನೆದುರು ಕುಳಿತು ರಾಗವಾಗಿ ಹೇಳಬೇಕು. ಜನವರಿ ಮುಗಿಯುವ ಹೊತ್ತಿಗೆ ಗೌರಮ್ಮ ಇಂಥ ಇಪ್ಪತ್ತು ಮಗ್ಗಿಗಳನ್ನು ಒಂದೂ ತಪ್ಪಿಲ್ಲದೆ ಒಪ್ಪಿಸುತ್ತಿದ್ದಳು. ‘ಸರ್ವಂ ಸರಿ’ ಎಂದು ಅವತ್ತು ದಿನಚರಿಯಲ್ಲಿ ಬರೆದೆ. ಈಗ ಆ ಸಾಲು ಓದಿದರೆ ನಾಚಿಕೆಯಾಗುತ್ತದೆ.

ಫೆಬ್ರವರಿ ಮೊದಲ ಶನಿವಾರ, ಮಾತಿನ ಪರೀಕ್ಷೆಯ ತಾಲೀಮು ಆಗಲಿ ಎಂದು ಅವಳನ್ನು ನಮ್ಮ ಹೆಡ್‌ಮಿಸ್ಟ್ರೆಸ್ ಬಳಿಗೆ ಕರೆದೊಯ್ದೆ. ಅವರು ಮಂಗಳೂರಿನ ಕಡೆಯವರು, ಇಂಗ್ಲಿಷ್ ನೀರು ಕುಡಿದಂತೆ. ‘ಕಮ್ ರೌಂಡ್’ ಅನ್ನು ವಾಕ್ಯದಲ್ಲಿ ಉಪಯೋಗಿಸು ಎಂದರು. ಗೌರಮ್ಮ ಕೈ ಕಟ್ಟಿದಳು, ಕಣ್ಣು ಕೆಳಗೆ ಮಾಡಿದಳು. ತುಟಿ ಅಲ್ಲಾಡುತ್ತಿತ್ತು, ಸದ್ದಿಲ್ಲ. ಅರ್ಧ ನಿಮಿಷ ಕಾದು ಹೆಡ್‌ಮಿಸ್ಟ್ರೆಸ್ ಇನ್ನೊಂದು ಕೇಳಿದರು. ಮತ್ತೆ ಅದೇ. ಐದು ಪ್ರಶ್ನೆಗಳಾದ ಮೇಲೆ ಪುಸ್ತಕ ಮುಚ್ಚಿ ನನ್ನ ಕಡೆ ತಿರುಗಿ, “ಇವರಿಗೆ ಏನೂ ಬರುವುದಿಲ್ಲವಲ್ಲ! ಮೂರು ತಿಂಗಳು ಏನು ಹೇಳಿಕೊಟ್ಟಿರಿ?” ಎಂದರು.

ಹೊರಗೆ ಬಂದ ಕೂಡಲೇ ನಾನು ಸಿಡುಕಿದೆ. “ಗೊತ್ತಿದ್ದೂ ಯಾಕ ಹೇಳ್ಲಿಲ್ಲ ಗೌರಮ್ಮ?”

“ಹೇಳಾಕತ್ತಿದ್ನಲ್ರಿ ಅಕ್ಕೋರ! ಕಮ್ ಅಬೌಟ್‌ನಿಂದ ಹೊಂಟು, ಕಮ್ ಡೌನ್ ದಾಟಿ, ಕಮ್ ಆಫ್‌ಗೆ ಬಂದಿದ್ದೆ. ರೌಂಡು ಇನ್ನಾ ಎರಡು ಮನಿ ಆಚೆ ಇತ್ತು. ಅಷ್ಟರೊಳಗ ಅವರು ಬ್ಯಾರೆ ಓಣಿಗೆ ಹೋಗಿಬಿಟ್ರು.”

ನಾನು ಅಲ್ಲೇ ನಿಂತೆ. ಏಳೆಂಟ್ಲೆ ಎಷ್ಟು ಎಂದು ಕೇಳಿದರೆ ಏಳೊಂದ್ಲೆ ಏಳರಿಂದ ಹೊರಡುವ ಮಕ್ಕಳನ್ನು ವರ್ಷಗಟ್ಟಲೆ ನೋಡಿದವಳು ನಾನು. ಅವಳಿಗೆ ಎಲ್ಲವೂ ಬರುತ್ತಿತ್ತು. ಬಾಗಿಲು ಮಾತ್ರ ಒಂದೇ ಇತ್ತು, ಅದನ್ನು ಇಟ್ಟವಳೂ ನಾನೇ. ಪರೀಕ್ಷೆಗೆ ಉಳಿದದ್ದು ಇಪ್ಪತ್ತೆರಡು ದಿನ.

ಆ ಇಪ್ಪತ್ತೆರಡು ದಿನ ನನಗೆ ಅನ್ನ ರುಚಿಸಲಿಲ್ಲ. ಮಗ್ಗಿಯನ್ನು ಹಿಂದುಮುಂದಾಗಿ ಕೇಳಿದೆ. ಅವಳು ಹಿಂದಿನಿಂದಲೂ ಒಂದು ಮಗ್ಗಿ ಕಟ್ಟಿಕೊಂಡಳು. ಬೆರಕೆ ಮಾಡಿ ಕೇಳಿದರೆ ಮತ್ತೆ ತುಟಿ ಅಲ್ಲಾಡುತ್ತಿತ್ತು. ಶಾಲೆಯಲ್ಲಿ ಹಾಜರಿ ಕರೆಯುವಾಗ ಒಂದೇ ಹೆಸರನ್ನು ಎರಡು ಸಲ ಕರೆದೆ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಮನೆಯವರು ದಿನಾ ವಿಚಾರಿಸಿಕೊಂಡು ಊಟಕ್ಕೆ ಕೂರುವಂತಾಯಿತು.

ಮೂರನೆಯ ದಿನ ತಡೆಯಲಾರದೆ ಆಸ್ಪತ್ರೆಗೇ ಹೋದೆ. ವಾರ್ಡಿನ ಬಾಗಿಲಲ್ಲಿ ನಿಂತು ನೋಡಿದೆ. ಗೌರಮ್ಮ ನಾನಿರುವುದನ್ನು ಗಮನಿಸಿರಲಿಲ್ಲ. ಒಂದು ಕೈ ಹಾಸಿಗೆ ಹಾಸುತ್ತಿತ್ತು, ಇನ್ನೊಂದು ಕೈ ಕೂಸಿನ ಹಣೆ ಮುಟ್ಟುತ್ತಿತ್ತು, ಕಣ್ಣು ಕುದಿಯುವ ನೀರಿನ ಮೇಲಿತ್ತು. ಆ ಕೈಗಳು ಯಾವ ಕೆಲಸಕ್ಕೂ ಮೊದಲಿನಿಂದ ಎಣಿಸಿಕೊಂಡು ಬರುತ್ತಿರಲಿಲ್ಲ. ಯಾವುದು ಬೇಕೋ ಅಲ್ಲಿಗೆ ನೇರವಾಗಿ ಹೋಗುತ್ತಿದ್ದವು.

ಅವತ್ತು ಸಂಜೆ ಹೇಳಿದೆ: “ನಾಳಿಂದ ಪಡಸಾಲಿಗೆ ಬರಬ್ಯಾಡ. ವಾರ್ಡಿನ್ಯಾಗ ಏನು ಮಾಡ್ತಿಯೋ ಅದನ್ನ ಮಾಡೂ ಹೊತ್ತಿಗೇ ಬಾಯಿಬಿಟ್ಟು ಇಂಗ್ಲಿಷಿನ್ಯಾಗ ಅನ್ನು.”

“ಜನ ನಗ್ತಾರ್ರಿ.”

“ನಗ್ಲಿ.”

ನಕ್ಕರು. ಹಾಸಿಗೆ ಹಾಸುತ್ತಾ ‘ಐ ಮೇಕ್ ದಿ ಬೆಡ್’ ಎನ್ನುವಳು. ಕೂಸನ್ನು ಎತ್ತುತ್ತಾ ‘ಐ ಪಿಕ್ ಅಪ್ ದಿ ಬೇಬಿ’. ಸ್ಪಿರಿಟ್ ದೀಪ ಆರಿಸುತ್ತಾ ‘ಐ ಪುಟ್ ಔಟ್ ದಿ ಲ್ಯಾಂಪ್’. ಕಡ್ಡಿರಾಂಪುರದ ಹನುಮವ್ವ ಎಂಬಾಕೆ ಹೆರಿಗೆಯ ನಂತರ ಕಾಲು ಬಾವು ಬಂದು ಮೂರು ವಾರ ಅಲ್ಲೇ ಮಲಗಿದ್ದಳು. ಅವಳಿಗೆ ಇದೊಂದು ಹಬ್ಬವಾಯಿತು.

“ಏ ಗೌರವ್ವ, ದೀಪಕ್ಕೂ ಇಂಗ್ಲಿಷ್ ತಿಳೀತೈತೇನs? ನೀ ಅಂದ್ ಕೂಡ್ಲೆ ಆರಿಬಿಡ್ತು! ನನ್ನ ಗಂಡಗ ಹತ್ತು ವರ್ಷದಿಂದ ಕನ್ನಡದಾಗ ಹೇಳಾಕತ್ತೀನಿ, ಒಂದೂ ಕೇಳಂಗಿಲ್ಲ.”

ಎರಡನೆಯ ಭಾನುವಾರ ನಾನು ವಾರ್ಡಿಗೆ ಹೋಗಿ, ಎಷ್ಟು ಬಂದಿದೆ ನೋಡೋಣ ಎಂದು ಗೌರಮ್ಮನಿಗೆ ಒಂದು ಪ್ರಶ್ನೆ ಹಾಕಿದೆ. ಕೈಯಲ್ಲಿದ್ದ ಬಟ್ಟಲು ಕೆಳಗಿಟ್ಟಳು. ಕೈ ಕಟ್ಟಿದಳು. ತುಟಿ ಅಲ್ಲಾಡತೊಡಗಿತು.

“ನೀವು ಬಂದ್ರ ಆಕಿ ಕೈ ಕಟ್ಕೊಂತಾಳ್ ನೋಡ್ರಿ,” ಎಂದಳು ಹನುಮವ್ವ ಮಲಗಿದಲ್ಲಿಂದಲೇ. “ಮುಂಜಾನಿಂದ ಗಿಣಿ ಹಂಗ ಮಾತಾಡಾಕತ್ತಿದ್ಲು. ಹೋಗ್ರಿ ಅಕ್ಕೋರ, ಹೋಗಿ ರೊಟ್ಟಿ ಬಡೀರಿ.”

ಎಲ್ಲರೂ ನಕ್ಕರು, ನಾನೂ ನಕ್ಕೆ. ಆಕೆ ಹೇಳಿದ್ದು ತಮಾಷೆ ಎಂದುಕೊಂಡೆ.

ಫೆಬ್ರವರಿ ಕೊನೆಗೆ ಹೊಸಪೇಟೆಯಲ್ಲೇ ಬರವಣಿಗೆ ಪರೀಕ್ಷೆ ನಡೆಯಿತು. ಅದರ ಬಗ್ಗೆ ನನಗೆ ಹೆದರಿಕೆ ಇರಲಿಲ್ಲ. ಕಾಗದ ಕಾಯುತ್ತದೆ, ಹನ್ನೊಂದು ಮನೆ ದಾಟಿ ಬಂದರೂ ಬೇಸರಪಡುವುದಿಲ್ಲ. ಮಾತಿನ ಪರೀಕ್ಷೆ ಮರುದಿನ. ಅದನ್ನು ನಡೆಸುವ ಇಂಗ್ಲಿಷ್ ಲೇಡಿ ಡಾಕ್ಟರು ಹಂಪಿ ನೋಡುವ ಆಸೆಗೆ ಕಮಲಾಪುರದ ಬಂಗಲೆಯಲ್ಲಿ ಇಳಿದುಕೊಂಡಿದ್ದರು. ಅಭ್ಯರ್ಥಿಗಳು ಅಲ್ಲಿಗೇ ಬರಬೇಕೆಂದು ಅಪ್ಪಣೆಯಾಗಿತ್ತು.

ಬೆಳಿಗ್ಗೆ ಏಳಕ್ಕೆ ಸಿದ್ದಪ್ಪನ ಜಟಕಾದಲ್ಲಿ ಹೊರಟೆವು. ಏಳು ಮೈಲಿ. ಕಬ್ಬಿನ ಗದ್ದೆಯ ಗಾಳಿ ತಣ್ಣಗಿತ್ತು. ಮಾತು ಶುರು ಮಾಡಿದವನು ಸಿದ್ದಪ್ಪ.

“ಅಕ್ಕೋರ, ನಮ್ಮ ಕುದುರಿಗೂ ಎರಡು ಕಲಿಸ್ರಿ. ‘ಗೋ ಆನ್’ ಅಂದ್ರ ಓಡ್ಬೇಕು ನೋಡ್ರಿ.”

“ಮೊದ್ಲು ಕನ್ನಡದಾಗ ಹೇಳಿದ್ರ ಓಡ್ತೈತೇನ್ ನೋಡ್ರಿ,” ಎಂದಳು ಗೌರಮ್ಮ. ಅವಳ ದನಿ ಗಟ್ಟಿಯಾಗಿತ್ತು. ಹೆದರಿದ್ದವಳು ನಾನು.

ಬಂಗಲೆಯ ಪಡಸಾಲೆಯಲ್ಲಿ ಒಂದು ಬೆಂಚು. ಅಭ್ಯರ್ಥಿಗಳು ಐದು ಜನ, ಗೌರಮ್ಮ ನಾಲ್ಕನೆಯವಳು. ಒಬ್ಬೊಬ್ಬರಿಗೆ ಹತ್ತು ನಿಮಿಷ. ಸೆಕೆ ಎಂದು ಕೋಣೆಯ ಬಾಗಿಲು ತೆರೆದೇ ಇಟ್ಟಿದ್ದರು. ನಾನು ಕುಳಿತ ಜಾಗದಿಂದ ಡಾಕ್ಟರ ಬೆನ್ನು ಕಾಣುತ್ತಿತ್ತು, ಎದುರಿನ ಕುರ್ಚಿಯಲ್ಲಿ ಕುಳಿತವರ ಮುಖ ಪೂರ್ತಿ ಕಾಣುತ್ತಿತ್ತು. ಒಳ್ಳೆಯ ಜಾಗ ಸಿಕ್ಕಿತೆಂದು ಸಂತೋಷಪಟ್ಟಿದ್ದೆ.

ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಗೌರಮ್ಮ ಒಳಗೆ ಹೋದಳು. ಹೆಸರು, ಊರು ಹೇಳಿದಳು. ಆಮೇಲೆ ಡಾಕ್ಟರು ಏನೋ ಕೇಳಿದರು. ಗೌರಮ್ಮ ತಲೆಯೆತ್ತಿದಳು. ಅವಳ ಕಣ್ಣು ಡಾಕ್ಟರ ಭುಜ ದಾಟಿ ನನ್ನ ಮೇಲೆ ಬಿತ್ತು. ಕೈಗಳು ತಾವಾಗಿ ಕಟ್ಟಿಕೊಂಡವು. ತುಟಿ ಅಲ್ಲಾಡಿತು.

ಧೈರ್ಯ ಹೇಳಬೇಕೆಂದು ನಾನು ಮುಂದಕ್ಕೆ ಬಾಗಿದೆ. ಆಗ ಗೊತ್ತಾಯಿತು, ನನ್ನ ತುಟಿಯೂ ಅಲ್ಲಾಡುತ್ತಿತ್ತು. ಇಲ್ಲಿ ನಾನು, ಅಲ್ಲಿ ಅವಳು, ಇಬ್ಬರೂ ಸದ್ದಿಲ್ಲದೆ ಒಂದೇ ಮಗ್ಗಿ ಹೇಳುತ್ತಿದ್ದೆವು. ಡಾಕ್ಟರು ಪೆನ್ಸಿಲ್ಲಿನಿಂದ ಮೇಜು ತಟ್ಟತೊಡಗಿದರು.

ಹನುಮವ್ವ ಹೇಳಿದ್ದು ತಮಾಷೆಯಲ್ಲ ಎಂದು ಹೊಳೆದದ್ದು ಆಗಲೇ.

ಎದ್ದು ಹೋಗಬೇಕು. ಹೋದರೆ, ಅಕ್ಕೋರು ಕೈಬಿಟ್ಟರು ಎಂದು ಅವಳು ತಿಳಿದುಕೊಂಡರೆ? ಉಳಿದ ಎರಡು ಮಾತೂ ಮರೆತುಹೋದರೆ? ಇದೊಂದೇ ಸಲ ಎಂಬುದು ತಲೆಯಲ್ಲಿ ಕುಟ್ಟುತ್ತಿತ್ತು. ಕೊನೆಗೆ ಕೊಡೆ ತೆಗೆದುಕೊಂಡು ಎದ್ದೆ. ತಿರುಗಿ ನೋಡದೆ ಮೆಟ್ಟಿಲಿಳಿದು, ಮರದ ಕೆಳಗೆ ಜಟಕಾ ನಿಂತಿದ್ದಲ್ಲಿಗೆ ಹೋದೆ.

“ಯಾಕ್ರೀ, ಮುಗೀತೇನ್ರಿ?” ಸಿದ್ದಪ್ಪನ ಮುಖ ಸಣ್ಣಗಾಯಿತು.

“ಇಲ್ಲ. ನಾ ಅಲ್ಲಿರಬಾರ್ದು.”

ಕುಳಿತಿರಲಾಗಲಿಲ್ಲ. ಜಟಕಾದ ಸುತ್ತ ನಡೆದೆ. ಗಡಿಯಾರ ನೋಡಿದೆ, ಹನ್ನೊಂದು ಇಪ್ಪತ್ತು. ಮತ್ತೆ ನಡೆದೆ. ಹನ್ನೊಂದು ಇಪ್ಪತ್ತೈದು. ಅವಳಿಗಿದ್ದ ಹತ್ತು ನಿಮಿಷ ಕಳೆದುಹೋಗಿತ್ತು, ಅವಳು ಬರಲಿಲ್ಲ.

“ಅಕ್ಕೋರ, ನೀವು ಹಿಂಗ ಸುತ್ತಿದ್ರ ಕುದುರಿಗೆ ತಲಿ ತಿರುಗ್ತೈತ್ರಿ,” ಎಂದ ಸಿದ್ದಪ್ಪ. ಆದರೆ ಅವನೂ ನೆಟ್ಟಗೆ ನಿಂತಿರಲಿಲ್ಲ. ತೊಳೆದ ಚಕ್ರವನ್ನೇ ಮತ್ತೆ ಒರೆಸುತ್ತಿದ್ದ.

ಹನ್ನೊಂದು ಮೂವತ್ತೆಂಟಕ್ಕೆ ಗೌರಮ್ಮ ಮೆಟ್ಟಿಲಿಳಿದು ಬಂದಳು. ಸೆರಗಿನ ತುದಿ ಒದ್ದೆಯಾಗಿತ್ತು.

“ನೀವು ಕಾಣಲಾರದಂಗ ಆತು ನೋಡ್ರಿ,” ಎಂದಳು ಉಸಿರು ಬಿಟ್ಟು. “ಅಲ್ಲಿ ನೋಡಾಕ ಏನೂ ಉಳೀಲಿಲ್ಲ. ನೆಲ ನೋಡಿದೆ. ಆ ಡಾಕ್ಟರಮ್ಮನ ಕಾಲಿಗೆ ಪಟ್ಟಿ ಕಟ್ಟಿದ್ರು. ಹಂಪಿ ಕಲ್ಲಿನ ಮ್ಯಾಲೆ ಎರಡು ದಿನ ತಿರುಗಿ ಹಿಮ್ಮಡಿ ಒಡದೈತಿ. ಪಟ್ಟಿ ಬಿಚ್ಚಿ ನೆಲಕ್ಕ ಎಳದಾಡಾಕತ್ತಿತ್ತು. ನನ್ನ ಬಾಯಿ ತಾನs ಅಂತು, ಯುವರ್ ಬ್ಯಾಂಡೇಜ್ ಹ್ಯಾಸ್ ಕಮ್ ಆಫ್, ಮೇ ಐ ಪುಟ್ ಇಟ್ ಆನ್ ಅಂತ.”

“ಆಮ್ಯಾಲೆ?”

“ಕಟ್ಟು ಅಂದ್ರು. ಕೈ ತೊಳಕೊಂಡೆ. ಕಟ್ಕೊಂತ ವಾರ್ಡಿನ್ಯಾಗ ಅಂದಂಗ ಎಲ್ಲಾ ಅನ್ಕೊಂತ ಹೋದೆ. ಅವರು ನಕ್ರು. ಎಚ್ಚರ ತಪ್ಪಿದ ಬಾಣಂತಿಗೆ ಏನು ಮಾಡ್ತಿ ಅಂತ ಕೇಳಿದ್ರು. ಲೇ ಹರ್ ಡೌನ್ ಅಂದೆ, ಫೀಲ್ ಹರ್ ಪಲ್ಸ್ ಅಂದೆ, ಶಿ ವಿಲ್ ಕಮ್ ರೌಂಡ್ ಅಂದೆ. ಅಕ್ಕೋರ, ಆ ಕಮ್ ರೌಂಡಿಗೆ ನಾ ಯಾವ ಮನಿನೂ ದಾಟ್ಲಿಲ್ರಿ. ನೆಟ್ಟಗ ಬಂತು.”

ಆರು ವಾರದ ನಂತರ ಫಲಿತಾಂಶದ ಕಾಗದ ಬಂತು. ಆ ಆರು ವಾರ ಟಪಾಲಿನವನ ಸೈಕಲ್ ಗಂಟೆ ಕೇಳಿದಾಗಲೆಲ್ಲ ನಾನು ಪಾಠ ಅರ್ಧಕ್ಕೆ ಬಿಟ್ಟು ಕಿಟಕಿಗೆ ಹೋಗುತ್ತಿದ್ದೆ. ಮಾತಿನ ಪರೀಕ್ಷೆಯಲ್ಲಿ ನಲವತ್ತಕ್ಕೆ ಮೂವತ್ತೊಂದು. ಬರವಣಿಗೆಯಲ್ಲೂ ಪಾಸು. ಜೂನಿನಲ್ಲಿ ಗೌರಮ್ಮ ತರಬೇತಿಗೆ ಹೋದಳು.

ನನ್ನ ಮಗ್ಗಿಯ ಪುಸ್ತಕವನ್ನು ನಾನು ಹರಿದು ಹಾಕಲಿಲ್ಲ. ಅಷ್ಟು ಧೈರ್ಯ ಇರಲಿಲ್ಲ, ಈಗಲೂ ಅದು ಟ್ರಂಕಿನಲ್ಲಿದೆ. ಆದರೆ ಅಂದಿನಿಂದ ಪಾಠಕ್ಕೆ ಬಂದವರನ್ನು ಮೊದಲು ಅವರು ಕೆಲಸ ಮಾಡುವ ಜಾಗದಲ್ಲಿ ನೋಡಿ ಬರುತ್ತೇನೆ. ಪರೀಕ್ಷೆಯ ದಿನ ಬಾಗಿಲವರೆಗೆ ಹೋಗುತ್ತೇನೆ, ಕಾಣುವ ಕಡೆ ಕೂರುವುದಿಲ್ಲ. ನಮ್ಮ ಕೆಲಸದಲ್ಲಿ ಕಲಿಸುವುದಕ್ಕಿಂತ ಎದ್ದು ಹೋಗುವುದೇ ಕಷ್ಟ. ಒಬ್ಬರ ಮುಂದೆ ನಾಲ್ಕು ತಿಂಗಳು ಕುಳಿತ ಮೇಲೆ, ತಾನಿಲ್ಲದಿದ್ದರೆ ಅವರಿಗೆ ನಡೆಯುವುದಿಲ್ಲ ಎಂದು ಯಾವ ಟೀಚರಿಗೂ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು.

ಮೂರು ವರ್ಷದ ಮೇಲೆ ನನ್ನ ತಂಗಿಯ ಹೆರಿಗೆ ಕಂಪ್ಲಿಯಲ್ಲಿ ಆಯಿತು. ನೋವು ಶುರುವಾದಾಗ ಕರೆಸಿದ ನರ್ಸು ಗೌರಮ್ಮನೇ. ಬಿಳಿ ಸೀರೆ ಉಟ್ಟು, ಕೈಚೀಲ ಹಿಡಿದು ಬಂದಳು. ನಾನು ಸಂಭ್ರಮದಿಂದ ಬಿಸಿನೀರಿನ ಪಾತ್ರೆ ಹಿಡಿದು ಕೋಣೆಯೊಳಗೆ ಹೊರಟೆ. ಅವಳು ಬಾಗಿಲಲ್ಲಿ ಪಾತ್ರೆ ಇಸಿದುಕೊಂಡು ನನ್ನನ್ನು ತಡೆದಳು.

“ಅಕ್ಕೋರ, ನೀವು ಹೊರಗಿರ್ರಿ. ನಿಮ್ಮನ್ನ ಕಂಡ್ರ ನನ್ನ ಕೈ ಕಟ್ಕೊಂತಾವು.”

ನಾನು ಅಂಗಳಕ್ಕೆ ಹೋಗಿ ಕುಳಿತೆ.