ಹಂಚಿನ ಪಕ್ಕದ ಮಣೆ

ಮಿಯಾಪುರದಲ್ಲಿ ನಾವು ಫ್ಲ್ಯಾಟ್ ಕೊಂಡಾಗ ಬಿಲ್ಡರ್ ಹೆಮ್ಮೆಯಿಂದ ತೋರಿಸಿದ್ದು ಅಡುಗೆಮನೆಯನ್ನೇ. ಹೈದರಾಬಾದಿಗೆ ಕಂಪ್ಯೂಟರ್ ಕಂಪನಿಗಳು ಒಂದರ ಹಿಂದೊಂದು ಬಂದು, ಬಂಡೆಗಲ್ಲು ಇದ್ದ ಕಡೆಯಲ್ಲೆಲ್ಲ ಅಪಾರ್ಟ್‌ಮೆಂಟು ಏಳುತ್ತಿದ್ದ ಕಾಲ ಅದು. ಅಡುಗೆಮನೆಗೆ ಗೋಡೆ ಇರುವುದು ಹಳೇ ಫ್ಯಾಶನ್ ಅಂತ ಯಾರೋ ತೀರ್ಮಾನ ಮಾಡಿಬಿಟ್ಟಿದ್ದರು. ನಮ್ಮದೂ ಹಾಲಿಗೆ ಅಂಟಿಕೊಂಡ ತೆರೆದ ಅಡುಗೆಮನೆ. ಸೋಫಾದ ಮೇಲೆ ಕೂತರೆ ಒಲೆಯ ಮುಂದೆ ನಿಂತವಳ ಬೆನ್ನು ಕಾಣುತ್ತದೆ. ಮನೆಯವರೆಲ್ಲ ಮಾತಾಡುತ್ತ ಅಡುಗೆ ಮಾಡಬಹುದು ಅಂತ ಬಿಲ್ಡರ್ ಹೇಳಿದ. ಮನೆಯವರೆಲ್ಲ ಅಂದರೆ ನಾವಿಬ್ಬರು. ಅದರಲ್ಲಿ ಒಬ್ಬರು ಮಾತಾಡುತ್ತಿದ್ದದ್ದು ಅಮೆರಿಕದವರ ಜೊತೆ.

ನಮ್ಮ ಮನೆಯವರ ಕೆಲಸವೇ ಹಾಗಿತ್ತು. ನಮಗೆ ದೀಪ ಹಚ್ಚುವ ಹೊತ್ತಾದರೆ ಅಲ್ಲಿ ಬೆಳಗು. ಇವರು ಹಾಲಿನಲ್ಲಿ ಲ್ಯಾಪ್‌ಟಾಪ್ ತೆರೆದು, ಕಿವಿಗೆ ಹೆಡ್‌ಫೋನ್ ಏರಿಸಿ ಕೂತರೆಂದರೆ ಮುಗಿಯಿತು, ಊಟದ ಹೊತ್ತು ದಾಟಿ ಹೋಗುತ್ತಿತ್ತು. ಬೆಳಿಗ್ಗೆ ನಾನು ಎದ್ದಾಗ ಅವರು ಮಲಗಿರುತ್ತಿದ್ದರು. ಬೆಡ್‌ರೂಮಿನಲ್ಲಿ ಕೂತು ಮಾತಾಡಿ ಅಂದರೆ, ನೆಟ್ಟಿನ ತಂತಿ ಅಲ್ಲಿಗೆ ಮುಟ್ಟುವುದಿಲ್ಲ ಅನ್ನುತ್ತಿದ್ದರು. ಒಂದು ತಂತಿ ಉದ್ದ ಮಾಡಿಸಲು ಆಗದವರು ಅದೆಂಥ ಎಂಜಿನಿಯರು ಅಂತ ನಾನೂ ಕೇಳುತ್ತಿದ್ದೆ. ನಗುತ್ತಿದ್ದರು. ಒಳ್ಳೆಯ ಮನುಷ್ಯರು, ಜಗಳಕ್ಕೂ ಕೈಗೆ ಸಿಗುತ್ತಿರಲಿಲ್ಲ.

ನಾನು ವಿಜಯಪುರದವಳು. ಮದುವೆಗೆ ಮುಂಚೆ ಅಲ್ಲಿ ಕನ್ನಡ ಶಾಲೆಯಲ್ಲಿ ಕಲಿಸುತ್ತಿದ್ದೆ. ಇಲ್ಲಿ ಆ ವಿದ್ಯೆಯನ್ನು ಕೇಳುವವರಿರಲಿಲ್ಲ. ತರಕಾರಿಗೆ ತೆಲುಗು, ಲಿಫ್ಟಿನಲ್ಲಿ ಹಿಂದಿ, ಮನೆಯೊಳಗೆ ಕನ್ನಡ ಅಂದುಕೊಂಡರೆ ಒಳಗೆ ಇಂಗ್ಲಿಷು. ಹೀಗಾಗಿ ದಿನದ ನನ್ನ ಸ್ವಂತ ಕೆಲಸ ಅಂತ ಉಳಿದದ್ದು ಜೋಳದ ರೊಟ್ಟಿ ಒಂದೇ.

ನಮ್ಮ ಕಡೆ ರೊಟ್ಟಿ ಲಟ್ಟಿಸುವುದಿಲ್ಲ, ಬಡಿಯುತ್ತೇವೆ. ಬಿಸಿನೀರಿನಲ್ಲಿ ನಾದಿದ ಹಿಟ್ಟಿನ ಉಂಡೆಯನ್ನು ಅಂಗೈಯಿಂದ ಟಪ್ ಟಪ್ ಅಂತ ಬಡಿಯುತ್ತ, ತಿರುಗಿಸುತ್ತ ಅಗಲ ಮಾಡಬೇಕು. ಅದು ಕೂತು ಮಾಡುವ ಕೆಲಸ. ರೊಟ್ಟಿಯ ಇನ್ನೊಂದು ಪದ್ಧತಿ ಏನೆಂದರೆ, ಉಣ್ಣುವವರು ಹಂಚಿನ ಪಕ್ಕದಲ್ಲೇ ಕೂಡಬೇಕು. ನಮ್ಮ ಮನೆಯಲ್ಲಿ ಅವ್ವನ ಎಡಗಡೆ ಒಂದು ಮಣೆ ಯಾವಾಗಲೂ ಹಾಕಿರುತ್ತಿತ್ತು. ಅಪ್ಪ, ಆಮೇಲೆ ಅಣ್ಣಂದಿರು, ಆಮೇಲೆ ನಾನು, ಒಬ್ಬೊಬ್ಬರಾಗಿ ಬಂದು ಕೂಡುತ್ತಿದ್ದೆವು. ಉಬ್ಬಿದ ರೊಟ್ಟಿ ಹಂಚಿನಿಂದ ನೇರ ತಾಟಿಗೆ. 'ಇನ್ನೊಂದು ಹಾಕ್ಲೇನು' ಅಂತ ಅವ್ವ ಕೇಳುವುದು, ನಾವು ಸಾಕು ಅಂದರೂ ಹಾಕುವುದು. ಊರಿನ ಸುದ್ದಿ, ಶಾಲೆಯ ಮಾರ್ಕು, ಯಾರದೋ ಮದುವೆ, ಎಲ್ಲ ಅವ್ವನ ಕಿವಿಗೆ ಬೀಳುತ್ತಿದ್ದದ್ದು ಆ ಮಣೆಯಿಂದಲೇ. ಕೊನೆಗೆ ಅವ್ವ ಉಣ್ಣುವ ಹೊತ್ತಿಗೆ ಒಲೆ ಆರಿ, ರೊಟ್ಟಿಯೂ ಆರಿರುತ್ತಿತ್ತು. ಬಡಿದವರಿಗೆ ಬಿಸಿ ರೊಟ್ಟಿ ಇಲ್ಲ, ಅದು ನಮ್ಮಲ್ಲಿ ಯಾರೂ ಹೇಳದೆ ನಡೆದುಕೊಂಡು ಬಂದ ಕಾನೂನು.

ಹೊಸ ಮನೆಯ ಅಡುಗೆಕಟ್ಟೆ ನನ್ನ ಹೊಟ್ಟೆಗಿಂತ ಎತ್ತರ. ಅದರ ಮುಂದೆ ನಿಂತು ಬಡಿದರೆ ಭುಜ ಹಿಡಿದುಕೊಳ್ಳುತ್ತಿತ್ತು, ಸಪ್ಪಳವಂತೂ ಗ್ರಾನೈಟಿನಿಂದ ಗೋಡೆಗೆ, ಗೋಡೆಯಿಂದ ಹಾಲಿಗೆ. ಆದರೂ ಬಡಿಯುತ್ತಿದ್ದೆ. ಒಂದು ಸಂಜೆ ನಾಲ್ಕನೆಯದೋ ಐದನೆಯದೋ ರೊಟ್ಟಿಗೆ ಕೈ ಹಚ್ಚಿದ್ದೆ. ಹಿಂದಿನಿಂದ ಇವರು ಫೋನಿನಲ್ಲಿ ಯಾರಿಗೋ ಸಮಾಧಾನ ಹೇಳುವುದು ಕೇಳಿಸಿತು. ಪಕ್ಕದಲ್ಲಿ ಬಿಲ್ಡಿಂಗ್ ಕಟ್ಟುತ್ತಿದ್ದಾರೆ, ಅದರ ಸದ್ದು, ಕ್ಷಮಿಸಿ ಅಂದರು. ಅಷ್ಟು ಇಂಗ್ಲಿಷು ನನಗೂ ಬರುತ್ತದೆ. ಆಗ ನಮ್ಮ ಪಕ್ಕದ ಜಾಗದಲ್ಲಿ ಹುಲ್ಲು, ಕಲ್ಲು ಬಿಟ್ಟರೆ ಏನೂ ಇರಲಿಲ್ಲ.

ನಾನು ತಿರುಗಿ ನೋಡಲಿಲ್ಲ. ಕೈಯಲ್ಲಿದ್ದ ರೊಟ್ಟಿಯನ್ನು ಹಂಚಿಗೆ ಹಾಕಿ, ಉಳಿದ ಹಿಟ್ಟು ಮುಚ್ಚಿಟ್ಟೆ. ನನ್ನ ಹೆಂಡತಿ ರೊಟ್ಟಿ ಮಾಡುತ್ತಿದ್ದಾಳೆ ಅಂತ ಹೇಳಿದ್ದರೆ ಅಮೆರಿಕಕ್ಕೇನು ನಷ್ಟವಾಗುತ್ತಿತ್ತೋ ನನಗೆ ಇವತ್ತಿಗೂ ತಿಳಿದಿಲ್ಲ. ಅವತ್ತು ಬಹಳ ನೋವಾಯಿತು. ಅದಾದ ಮೇಲೆ ಕೆಲವು ದಿನ ಚಪಾತಿ ಮಾಡಿದೆ. ಲಟ್ಟಣಿಗೆ ಸದ್ದು ಮಾಡುವುದಿಲ್ಲ. ಇವರು ಚಪಾತಿ ಯಾಕೆ ಅಂತ ಕೇಳಲಿಲ್ಲ. ನಾನು ಮುಚ್ಚಿಟ್ಟ ಹಾಟ್‌ಬಾಕ್ಸಿನಲ್ಲಿ ಏನಿತ್ತೋ ಅದನ್ನು ತಮಗೆ ಬಿಡುವಾದಾಗ ತೆಗೆದು ತಿಂದರು.

ಅದೇ ಸುಮಾರಿಗೆ ಇವರಿಗೆ ಆಫೀಸಿನಲ್ಲಿ ಬಡ್ತಿ ಬಂತು. ಒಂದು ಭಾನುವಾರ, 'ಅಡಗಿಮನಿ ಹೊಸದಾಗಿ ಮಾಡಿಸ್ಕೊ. ನಿನಗ ಹೆಂಗ ಬೇಕೋ ಹಂಗ' ಅಂದರು.

'ಹೆಂಗ ಬೇಕೋ ಹಂಗ?'

'ಹೂಂ. ನಾ ನಡುವ ಬಾಯಿ ಹಾಕಂಗಿಲ್ಲ.'

ಮಾಡ್ಯುಲರ್ ಕಿಚನ್ ಅಂಗಡಿಯಿಂದ ಒಬ್ಬ ಹೆಣ್ಣುಮಗಳು ನಕಾಶೆ ಹಿಡಿದುಕೊಂಡು ಬಂದಳು. ಒಲೆ, ಸಿಂಕು, ಫ್ರಿಜ್ಜು ಮೂರೂ ತ್ರಿಕೋನದ ಮೂರು ಮೂಲೆಗಳಲ್ಲಿ ಇರಬೇಕು, ಆಗ ಹೆಜ್ಜೆ ಉಳಿಯುತ್ತದೆ ಅಂತ ವಿವರಿಸಿದಳು. ನನಗೆ ಹೆಜ್ಜೆ ಉಳಿಸಿ ಎಲ್ಲಿಗೆ ಹೋಗಬೇಕಿತ್ತು. ಆದರೆ ಮಾತು ಸರಿಯಾಗಿತ್ತು, ಒಪ್ಪಿದೆ. ನಿತ್ಯ ಬೇಕಾಗುವ ಡಬ್ಬಿಗಳು ಎದೆಯ ಎತ್ತರಕ್ಕೆ, ವರ್ಷಕ್ಕೊಮ್ಮೆ ತೆಗೆಯುವ ಹಬ್ಬದ ಪಾತ್ರೆ ಅಟ್ಟಕ್ಕೆ, ಎಣ್ಣೆ ಉಪ್ಪು ಒಲೆಯ ಬಲಕ್ಕೆ, ಇದೆಲ್ಲ ಇಬ್ಬರೂ ಕೂಡಿ ಜೋಡಿಸಿದೆವು. ಕೊನೆಗೆ ನಾನು, ಉಣ್ಣುವವರು ಎಲ್ಲಿ ಕೂಡಬೇಕು ಅಂತ ಕೇಳಿದೆ.

'ತಿನೇದಿ ಡೈನಿಂಗ್‌ಲೋ ಕದಾ ಮೇಡಂ' ಅಂದಳು. ತಿನ್ನುವುದು ಡೈನಿಂಗ್ ಟೇಬಲ್ಲಿನ ಮೇಲಲ್ಲವೇ ಅಂತ.

ಅಲ್ಲ ಅಂತ ತಿಳಿಸುವಷ್ಟು ತೆಲುಗು ನನ್ನಲ್ಲಿರಲಿಲ್ಲ. ಅವಳ ನಕಾಶೆಯಲ್ಲಿ ಅಡುಗೆಮನೆಯ ಹಿಂದಿನ ಯುಟಿಲಿಟಿ ಬಾಲ್ಕನಿ ಖಾಲಿ ಇತ್ತು. ವಾಶಿಂಗ್ ಮಶೀನು ಅಂತ ಬರೆದಿದ್ದಳು. ಮಶೀನನ್ನು ಬಾತ್‌ರೂಮಿಗೆ ಕಳಿಸಿ, ಆ ಬಾಲ್ಕನಿ ನನಗೆ ಬೇಕು ಅಂದೆ. ಹಾಲಿಗೂ ಅದಕ್ಕೂ ನಡುವೆ ಎರಡು ಬಾಗಿಲು ಬರುತ್ತವೆ. ಬಡಿದರೆ ಅಮೆರಿಕದ ನಿದ್ದೆಯೂ ಕೆಡುವುದಿಲ್ಲ, ಕೆಲಸವೂ ಕೆಡುವುದಿಲ್ಲ.

ಆ ಮೂಲೆಯನ್ನು ಮಾತ್ರ ನಾನೊಬ್ಬಳೇ ರೂಪಿಸಿದೆ. ಮೊಣಕಾಲೆತ್ತರದ ಕಡಪಾ ಕಲ್ಲಿನ ಕಟ್ಟೆ, ಅದರ ಮೇಲೆ ಒಂದೇ ಬರ್ನರಿನ ಒಲೆ. ಗಾಳಿಗೆ ಉರಿ ಓಲಾಡಬಾರದು ಅಂತ ಹೊರಗಡೆಗೆ ಅದೇ ಕಲ್ಲಿನ ಗಿಡ್ಡ ಅಡ್ಡಗೋಡೆ. ಬೇಗಂ ಬಜಾರಿನಲ್ಲಿ ಅಲೆದು ತಂದ ಕಬ್ಬಿಣದ ಹಂಚು. ಬಲಗೈಗೆ ಹಿಟ್ಟಿನ ಡಬ್ಬಿ, ಮುಂದೆ ಹಿಟ್ಟು ನಾದುವ ಪರಾತ, ಹಂಚಿನ ಪಕ್ಕ ನೀರಿನ ಬಟ್ಟಲು ಮತ್ತು ಒದ್ದೆ ಬಟ್ಟೆ. ನಾನು ಕೂಡಲು ಗಿಡ್ಡ ಸ್ಟೂಲು. ನನ್ನ ಎಡಗಡೆ, ಕೈ ಚಾಚಿದರೆ ತಾಟು ಸಿಗುವಷ್ಟು ದೂರದಲ್ಲಿ, ಅದೇ ಕಲ್ಲಿನ ಇನ್ನೊಂದು ಗಿಡ್ಡ ಆಸನ. ಅದರ ಮೇಲೆ ಮಣೆ.

ಇವರು ಎತ್ತರದ ಆಳು. ಚಕ್ಕಳಮಕ್ಕಳ ಹಾಕಿ ಕೂತರೆ ಮೊಣಕಾಲು ಗೋಡೆಗೆ ತಾಗಬಾರದಲ್ಲ. ಎಷ್ಟು ಜಾಗ ಬಿಡಬೇಕು ಅಂತ ಕೇಳಲು ಅವರು ಎಚ್ಚರ ಇರಬೇಕು. ಒಂದು ದಿನ ಬೆಳಿಗ್ಗೆ ಬಟ್ಟೆ ಹೊಲಿಯುವ ಟೇಪು ತೆಗೆದುಕೊಂಡು ಹೋಗಿ, ನಿದ್ದೆಯಲ್ಲಿದ್ದವರ ತೊಡೆ ಅಳೆದುಕೊಂಡು ಬಂದೆ. ಸ್ವಲ್ಪ ಮಿಸುಕಿ ಮಗ್ಗುಲು ಬದಲಿಸಿದರು. ಎಷ್ಟೋ ದಿನದ ಮೇಲೆ ಅವರನ್ನು ಅಷ್ಟು ಹತ್ತಿರದಿಂದ ನೋಡಿದ್ದೆ. ಕಿವಿಯ ಮೇಲೆ ಹೆಡ್‌ಫೋನಿನ ಗುರುತು ಇತ್ತು.

ಎಲ್ಲ ಮುಗಿದ ದಿನ ಕರೆದು ತೋರಿಸಿದೆ. ಬಾಗಿಲಲ್ಲಿ ನಿಂತು ನೋಡಿದರು.

'ಭಾಳ ಛಲೋ ಆಗೇತಿ. ಆ ಕಲ್ಲು ಯಾಕ?'

'ನಿಮಗ. ಕೂತು ಉಣ್ಣಾಕ.'

'ಆತು. ಈ ರಿಲೀಸ್ ಒಂದು ಮುಗೀಲಿ, ದಿನಾ ಕೂಡ್ತೀನಿ' ಅಂದರು. ಮನಸ್ಸಿನಿಂದಲೇ ಅಂದರು, ಸುಳ್ಳಲ್ಲ. ಆದರೆ ಅವರ ಕಂಪನಿಯಲ್ಲಿ ಒಂದು ರಿಲೀಸ್, ಅಂದರೆ ಹೊಸ ಸಾಫ್ಟ್‌ವೇರ್ ಹೊರಬಿಡುವ ಕೆಲಸ, ಮುಗಿಯುವ ಮುಂಚೆ ಇನ್ನೊಂದು ಶುರುವಾಗುತ್ತಿತ್ತು. ನಾನು ದಿನಾ ಸಂಜೆ ಮಣೆ ಒರೆಸಿ, ತಾಟು ಇಟ್ಟು, ಪಲ್ಯ ಶೇಂಗಾ ಚಟ್ನಿ ಬಡಿಸಿ ರೊಟ್ಟಿಗೆ ಕೂಡುತ್ತಿದ್ದೆ. ಬೇಯಿಸಿದ ರೊಟ್ಟಿಗಳನ್ನು ಬಾಕ್ಸಿಗೆ ಹಾಕಿ ಏಳುತ್ತಿದ್ದೆ. ತಾಟನ್ನು ಹಾಗೇ ಒಳಗೆ ತರುತ್ತಿದ್ದೆ.

ಅಷ್ಟರಲ್ಲಿ ಇವರ ಬಾಯಿಮಾತು ನಿಜವಾಯಿತು. ಪಕ್ಕದ ಜಾಗದಲ್ಲಿ ಬಿಲ್ಡಿಂಗ್ ಶುರುವಾಯಿತು. ಇವರು ಮಲಗುವ ಹೊತ್ತಿಗೆ ಸರಿಯಾಗಿ ಕಾಂಕ್ರೀಟು ಕಲಸುವ ಯಂತ್ರ ಗರಗರ ಅನ್ನುತ್ತಿತ್ತು. ದಿಂಬನ್ನು ತಲೆಯ ಮೇಲೆ ಒತ್ತಿಕೊಂಡು ಹೊರಳಾಡುತ್ತಿದ್ದರು. ಪಾಪ ಅನ್ನಿಸಿತು, ಒಳಗೊಳಗೇ ಖುಷಿಯೂ ಆಯಿತು. ಸಂಜೆ ಆ ಸದ್ದು ನಿಂತ ಮೇಲೆ ನನ್ನದು ಶುರು.

ನಮ್ಮದು ಎರಡನೇ ಮಹಡಿ. ನನ್ನ ಬಾಲ್ಕನಿಯ ಕೆಳಗೇ ಕೂಲಿಯವರ ತಗಡಿನ ಶೆಡ್ಡುಗಳು. ಒಂದು ಸಂಜೆ ಬಡಿಯುತ್ತಿದ್ದಾಗ ಕೆಳಗಿನಿಂದ ಹೆಣ್ಣುದನಿ ಬಂತು.

'ಯಾರ್ರೀ ಅದು, ಮ್ಯಾಲ ರೊಟ್ಟಿ ಬಡಿಯಾಕತ್ತೀರಿ?'

ನನ್ನ ಕೈ ನಿಂತಿತು. ಹೊಸ ಊರಿಗೆ ಬಂದ ಮೇಲೆ ನನ್ನ ಸದ್ದನ್ನು ಅದರ ಹೆಸರು ಹಿಡಿದು ಕರೆದವಳು ಅವಳೇ ಮೊದಲು. ಅಡ್ಡಗೋಡೆಯ ಮೇಲಿಂದ ಬಗ್ಗಿ ನೋಡಿದೆ. ಮೂರು ಕಲ್ಲಿನ ಒಲೆಯ ಮುಂದೆ ಒಬ್ಬ ಹೆಂಗಸು, ಅವಳ ಮುಂದೂ ಪರಾತ. ಯಾದಗಿರಿ ಕಡೆಯವಳಂತೆ, ಗಂಡನ ಜೊತೆ ಕೆಲಸಕ್ಕೆ ಬಂದವಳು. ನಾನು ವಿಜಯಪುರ ಅಂದೆ. 'ಹಂಗಾರ ನಮ್ಮ ಮಗ್ಗಲಾಗಿನವರ ಬಿಡ್ರಿ ಅಕ್ಕಾರ' ಅಂದಳು. ಆಮೇಲೆ ಸಹಜವಾಗಿ, ಉಣ್ಣಾಕ ಯಾರು ಕುಂತಾರ ಅಂತ ಕೇಳಿದಳು.

ಯಾರೂ ಇಲ್ಲ ಅನ್ನಬಹುದಿತ್ತು. ಖಾಲಿ ಮಣೆ ನೋಡಿದೆ, ಬಡಿಸಿಟ್ಟ ತಾಟು ನೋಡಿದೆ. 'ನಮ್ಮ ಮನಿಯವರು' ಅಂದುಬಿಟ್ಟೆ.

'ಹಂಗಾರ ಮಾತಾಡ್ಕೊಂತ ನಿಲ್ಲಬ್ಯಾಡ್ರಿ, ರೊಟ್ಟಿ ಹೊತ್ತತೈತಿ' ಅಂತ ನಕ್ಕಳು.

ಒಂದು ಸುಳ್ಳು ಹೇಳಿದ ಮೇಲೆ ಅದನ್ನು ಸಾಕಬೇಕು. ಮರುದಿನದಿಂದ ನಾನು ರೊಟ್ಟಿ ಇಳಿಸುವಾಗಲೆಲ್ಲ ಕೆಳಗೆ ಕೇಳಿಸುವ ಹಾಗೆ 'ಇನ್ನೊಂದು ಹಾಕ್ಲೇನ್ರಿ?' ಅಂತ ಮಣೆಯನ್ನು ಕೇಳತೊಡಗಿದೆ. ಸ್ವಲ್ಪ ತಡೆದು, 'ಸಾಕಂದ್ರ ಹೆಂಗ್ರಿ, ಪಲ್ಯ ಉಳದೈತಿ' ಅನ್ನುತ್ತಿದ್ದೆ. ಮೊದಮೊದಲು ನಾಚಿಕೆಯಾಗುತ್ತಿತ್ತು. ಆಮೇಲೆ ರೂಢಿಯಾಯಿತು. ಹೇಳಬೇಕೆಂದರೆ ದಿನದಲ್ಲಿ ನಾನು ಹೆಚ್ಚು ಮಾತಾಡುತ್ತಿದ್ದದ್ದು ಆಗಲೇ. ತರಕಾರಿಯವನ ಮೋಸ, ಅವ್ವನ ಮಂಡಿನೋವು, ಲಿಫ್ಟು ಕೆಟ್ಟದ್ದು, ಎಲ್ಲ ಮಣೆಗೆ ಹೇಳುತ್ತಿದ್ದೆ. ನಿಜವಾದ ಗಂಡ ಎರಡು ಬಾಗಿಲಿನ ಆಚೆ ಇರುತ್ತಿದ್ದರು. ಕೆಳಗೆ ಅವಳ ಟಪ್ ಟಪ್, ಮೇಲೆ ನನ್ನದು. ನಡುನಡುವೆ ಅವಳು 'ಇವತ್ತೇನ್ರಿ ಪಲ್ಯ?' ಅನ್ನುವಳು, ನಾನು 'ಬದನಿಕಾಯಿ' ಅನ್ನುವೆ. ಇಳಿದು ಹೋಗಿ ಅವಳ ಪಕ್ಕ ಕೂಡಬಹುದಿತ್ತು. ಕೂತರೆ ಮೇಲೆ ಉಣ್ಣುತ್ತಿರುವವರನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ಅವಳು ಕೇಳುತ್ತಾಳೆ ಅಂತ ಹೋಗಲಿಲ್ಲ.

ಬಿಲ್ಡಿಂಗ್ ನಮ್ಮ ಮಹಡಿ ದಾಟಿ, ಆಕಾಶ ಮುಚ್ಚಿ, ಬಣ್ಣ ಕಂಡಿತು. ಶೆಡ್ಡುಗಳನ್ನು ಒಂದೊಂದಾಗಿ ಬಿಚ್ಚಿದರು. ಒಂದು ಸಂಜೆ ಅವಳು ಎದ್ದು ನಿಂತು ಮೇಲೆ ನೋಡಿದಳು.

'ಅಕ್ಕಾರ, ನಾಳೆ ಹೊಂಟೀವ್ರಿ. ಪಟಾನ್‌ಚೆರು ಕಡೆ ಕೆಲಸ ಹತ್ತೈತಿ.'

'ಛಲೋ ಆತು. ಹುಷಾರು.'

'ನಿಮ್ಮ ಮನಿಯವರು ಭಾಳ ಮೆತ್ತಗಿನ ಮನಷ್ಯಾರ ನೋಡ್ರಿ. ಇಷ್ಟು ದಿನ ಆತು, ಹಾಕು ಅಂತ ಒಂದಿನಾನೂ ಅಂದಿದ್ದು ಕೇಳಲಿಲ್ಲ.'

ಚುಡಾಯಿಸಿದಳೋ, ಗೊತ್ತಿದ್ದೇ ಅಂದಳೋ, ಕತ್ತಲಾಗುತ್ತಿತ್ತು, ಮುಖ ಸರಿಯಾಗಿ ಕಾಣಲಿಲ್ಲ. 'ಅವರು ಹಂಗ' ಅಂದೆ ನಾನು.

ಮರುದಿನ ಸಂಜೆ ಕೆಳಗೆ ಮೂರು ಕಲ್ಲು ಮಾತ್ರ ಉಳಿದಿದ್ದವು. ಒಳಗೆ ಇವರು ಯಾರಿಗೋ ಇಂಗ್ಲಿಷಿನಲ್ಲಿ ಗುಡ್ ಮಾರ್ನಿಂಗ್ ಹೇಳುತ್ತಿದ್ದರು. ನಾನು ಎರಡೂ ಬಾಗಿಲು ಹಾಕಿಕೊಂಡು ಬಂದು, ಮಣೆ ಒರೆಸಿ, ತಾಟು ಬಡಿಸಿ ಕೂತೆ. ಮೊದಲ ರೊಟ್ಟಿ ಚೆನ್ನಾಗಿ ಉಬ್ಬಿತು. ಕೈ ಚಾಚಿ ತಾಟಿಗೆ ಹಾಕಿದೆ. ಹಬೆ ಏಳುತ್ತಿತ್ತು. ಕೇಳುವವರು ಯಾರೂ ಇಲ್ಲದ ಮೇಲೆ ಸುಳ್ಳನ್ನು ಯಾರಿಗಂತ ಸಾಕುವುದು. ಒಲೆಯ ಉರಿ ಸಣ್ಣಗೆ ಮಾಡಿ, ಸ್ಟೂಲಿನಿಂದ ಎದ್ದು, ಮಣೆಯ ಮೇಲೆ ಹೋಗಿ ಕೂತೆ.

ಅವರ ಮೊಣಕಾಲಿಗೆ ಅಂತ ಬಿಟ್ಟ ಜಾಗ ನನಗೆ ದೊಡ್ಡದಾಯಿತು. ರೊಟ್ಟಿ ಮುರಿದು ಪಲ್ಯ ಹಚ್ಚಿ ಬಾಯಿಗಿಟ್ಟೆ. ನಾಲಿಗೆ ಸುಟ್ಟಿತು, ಕಣ್ಣಲ್ಲಿ ನೀರು ಬಂತು. ಮದುವೆಯಾದ ಮೇಲೆ ನಾನು ಹಂಚಿನಿಂದ ಇಳಿದ ರೊಟ್ಟಿ ಬಿಸಿ ಇರುವಾಗ ತಿಂದದ್ದು ಅದೇ ಮೊದಲು. ಅಷ್ಟು ರುಚಿ ಇರುತ್ತದೆ ಅನ್ನುವುದೇ ಮರೆತುಹೋಗಿತ್ತು. ಪೂರ್ತಿ ತಿಂದು ಮುಗಿಸಿ, ಮತ್ತೆ ಸ್ಟೂಲಿಗೆ ಬಂದು ಇನ್ನೊಂದು ಉಂಡೆ ಕೈಗೆ ತೆಗೆದುಕೊಂಡೆ.

'ಇನ್ನೊಂದು ಹಾಕ್ಲೇನು?' ಅಂತ ಕೇಳಿದೆ.

'ಹಾಕು' ಅಂದೆ.