ಸತ್ತವರು ಎದ್ದು ಬಂದ ಆಟ

ಮೊನ್ನೆ ಮೊಮ್ಮಗ ಟೀವಿಯಲ್ಲಿ ಗ್ರೀಕರ ಯುದ್ಧದ ಸಿನಿಮಾ ಹಾಕಿದ. ಬೆರಳೆಣಿಕೆಯ ಮಂದಿ ಬೆಟ್ಟದ ಸಂದಿಯಲ್ಲಿ ನಿಂತು ದೊಡ್ಡ ಸೈನ್ಯವೊಂದನ್ನು ತಡೆಯುವ ಕಥೆ. ಒಬ್ಬ ನೆಗೆದನೆಂದರೆ ನೀವು ಒಂದು ಲೋಟ ಕಾಫಿ ಕುಡಿದು ಮುಗಿಸಬಹುದು, ಅಲ್ಲಿಯವರೆಗೂ ಅವನು ನೆಲಕ್ಕಿಳಿಯುವುದಿಲ್ಲ. ನೋಡುತ್ತಿದ್ದಂತೆ ನನಗೆ ದೊಡ್ಡಬಳ್ಳಾಪುರದ ಟೆಂಟಿನ ಮರಳು ಅಂಗಾಲಿಗೆ ತಗುಲಿದಂತಾಯಿತು.

ಇದೇ ಯುದ್ಧವನ್ನು ನಾನು ಲಂಗ ತೊಡುವ ವಯಸ್ಸಿನಲ್ಲಿ, ನಲವತ್ತರ ದಶಕದಲ್ಲಿ, ಅಜ್ಜಿಯ ಪಕ್ಕ ಕೂತು ನೋಡಿದ್ದೆ. ಪಕ್ಕದ ನಮ್ಮೂರು ಮಧುರೆಯಿಂದ ಗಾಡಿ ಕಟ್ಟಿಸಿಕೊಂಡು ಬಂದಿದ್ದೆವು. ಅದು ಮಾತಿಲ್ಲದ ಹಳೆಯ ಪರದೇಶದ ಚಿತ್ರ. ಕಥೆ ಹೇಳಲು ಪರದೆಯ ಪಕ್ಕ ಕರೀಂ ಸಾಬರು ನಿಲ್ಲುತ್ತಿದ್ದರು. ಹಗಲು ಊರೂರು ತಿರುಗಿ ನಮಗೆ ಬಳೆ ತೊಡಿಸುವವರೂ ಅವರೇ. ಗ್ರೀಕ್ ಹೆಸರುಗಳು ನಾಲಿಗೆಗೆ ಒಗ್ಗದೆ ಒಬ್ಬನನ್ನು ‘ನಮ್ ರಾಜ’, ಇನ್ನೊಬ್ಬನನ್ನು ‘ಆ ಕಡೆ ಬಾದಶಾ’ ಮಾಡಿಬಿಟ್ಟಿದ್ದರು. ಬೆಟ್ಟದ ಸಂದಿ ಬಂದಾಗ, “ಘಾಟಿ ಹಾದಿ ಇದ್ದಂಗೈತೆ, ಒಂದ್ ಗಾಡಿ ಬಂದ್ರೆ ಇನ್ನೊಂದ್ ನಿಲ್ಬೇಕು” ಎಂದರು. ಎಲ್ಲರಿಗೂ ಯುದ್ಧತಂತ್ರ ಅರ್ಥವಾಯಿತು. ಮಂಡಿ ಕಾಣುವ ಸಿಪಾಯಿಗಳನ್ನು ನೋಡಿ ಅಜ್ಜಿ, “ಪಾಪ, ಒಂದ್ ಪಂಚೆಗೂ ಗತಿಯಿಲ್ವಲ್ಲೇ” ಎಂದು ಮರುಗಿದಳು.

ಆ ಮರುಕಕ್ಕೆ ಬೇರೆ ಕಾರಣವೂ ಇತ್ತು. ಅವಳ ಕಿರಿಮಗ, ನನ್ನ ಚಿಕ್ಕಪ್ಪ, ದಂಡು ಸೇರಿ ಸಮುದ್ರದಾಚೆ ಯುದ್ಧಕ್ಕೆ ಹೋಗಿದ್ದ. ಬಹಳ ದಿನದಿಂದ ಸುದ್ದಿಯಿರಲಿಲ್ಲ.

ಕೊನೆಗೆ ‘ನಮ್ ರಾಜ’ನ ಕಡೆಯವರೆಲ್ಲ ಸತ್ತು ಮಲಗಿದರು, ದೀಪ ಹತ್ತಿತು. ಜನ ಎದ್ದರು. ಅಜ್ಜಿ ಏಳಲಿಲ್ಲ.

“ಖತಂ ಆಯ್ತಮ್ಮಾ” ಎಂದರು ಸಾಬರು.

“ಹೆಂಗಾಯ್ತು ಸಾಬ್ರೇ? ನಮ್ಮೂರ ಬಯಲಾಟದಲ್ಲಿ ಸತ್ತೋರು ಎದ್ದು ಬಂದು ಮಂಗಳಕ್ಕೆ ನಿಂತ್ಕೊಳ್ಳಲ್ವಾ? ಇವ್ರೂ ಏಳ್ಲಿ. ಅಲ್ಲೀಗಂಟ ನಾನೂ ಏಳಲ್ಲ.”

ನಾನು ನಾಚಿ ಅವಳ ಸೆರಗೆಳೆದೆ. ಬಳೆಯವರಿಗೆ ಯಾವ ಮನೆಯ ಮಗ ಎಲ್ಲಿದ್ದಾನೆಂಬುದು ಗೊತ್ತಿರುತ್ತದೆ. ಸಾಬರು ಒಂದು ಗಳಿಗೆ ಅಜ್ಜಿಯ ಮುಖ ನೋಡಿ, ಮಿಷನ್ನಿನವನತ್ತ ತಿರುಗಿ, “ಭಾಯ್, ಮೊದಲ್ನೇ ರೀಲ್ ಹಾಕು” ಎಂದರು. ಸತ್ತವರೆಲ್ಲ ನಗುನಗುತ್ತ ಸಾಲಾಗಿ ನಡೆದು ಬಂದರು. ಹೊರಟಿದ್ದ ಜನ ಮರಳಿ ಬಂದು ಕೂತರು. ಅಜ್ಜಿ ತಾನೇ ಮಂಗಳ ಹಾಡಿ, ಸೀರೆಯ ಮರಳು ಕೊಡವಿ ಎದ್ದಳು.

ಚಿಕ್ಕಪ್ಪ ಬದುಕಿ ಬಂದ. ಅದು ತನ್ನ ಮಂಗಳದ ಫಲವೆಂದೇ ಅಜ್ಜಿ ಊರಿಗೆಲ್ಲ ಹೇಳಿದಳು, ನಾವೂ ಹೇಳಿ ಹೇಳಿ ನಕ್ಕೆವು. ಚಿಕ್ಕಪ್ಪ ಮಾತ್ರ ನಗದೆ, “ನನ್ ಜೊತೇಲಿದ್ದೋರ್ಗೆ ಯಾರೂ ಮೊದಲ್ನೇ ರೀಲ್ ಹಾಕ್ಲಿಲ್ಲಮ್ಮ” ಎಂದಿದ್ದ.

ಮೊನ್ನೆಯ ಸಿನಿಮಾವೂ ಹಾಗೆಯೇ ಮುಗಿಯಿತು. ಎಲ್ಲರೂ ನೆಲ ಹಿಡಿದಿದ್ದರು. ಮೊಮ್ಮಗ ಟೀವಿ ಆರಿಸಲು ಹೋದ. ನನಗೆ ಕುರ್ಚಿಯಿಂದ ಏಳಲು ಮನಸ್ಸಾಗಲಿಲ್ಲ.

“ಮೊದಲಿಂದ ಒಂಚೂರು ಹಾಕಪ್ಪ.”

“ಯಾಕಜ್ಜಿ, ಈಗ್ತಾನೆ ನೋಡಿದ್ಯಲ್ಲ?”

“ಪಾಪ, ಯಾರ್ ಹೆತ್ತ ಮಕ್ಕಳೋ, ಒಂದ್ಸಲ ಎದ್ದು ನಿಂತ್ಕೊಳ್ಳಲಿ. ಆಮೇಲೆ ನಾವೂ ಊಟಕ್ಕೆ ಏಳೋಣ.”