ಹಲಸಿನ ಹಲಗೆಯ ಮೇಲಿನ ಕೈ

ಬಟ್ಟಲು ಆಚಾರ್ರ ಎಡಗಣ್ಣಿನ ರೆಪ್ಪೆ ಅರ್ಧಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಹರೆಯದಲ್ಲಿ ಮರ ಕಡೆಯುವ ಲೇತಿನಿಂದ ಸಿಡಿದ ಚಕ್ಕೆ ತಾಗಿ ಹಾಗಾಗಿತ್ತಂತೆ. ಹಾಗಾಗಿ ಅವರು ಸುಮ್ಮನೆ ನೋಡಿದರೂ ಎದುರಿಗಿದ್ದವರಿಗೆ ತಾವೇನೋ ಬಚ್ಚಿಟ್ಟು ಸಿಕ್ಕಿಬಿದ್ದ ಹಾಗೆ ಅನ್ನಿಸುತ್ತಿತ್ತು. ನಿಜ ಹೇಳಬೇಕೆಂದರೆ ಅವರು ಸುಮ್ಮನೆ ನೋಡುತ್ತಿದ್ದುದೇ ಕಡಿಮೆ.

ಗುಬ್ಬಿಯಲ್ಲಿ ನಮ್ಮ ಮನೆಯ ಎದುರಿಗೇ ಅವರ ಶೆಡ್ಡು. ಹಲಸಿನ ಮರದ ಬಟ್ಟಲು ಕಡೆದು ತುಮಕೂರಿನ ಅಂಗಡಿಯೊಂದಕ್ಕೆ ಕೊಡುತ್ತಿದ್ದರು. ಕಡೆದ ಬಟ್ಟಲನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಉಪ್ಪು ಕಾಗದದಲ್ಲಿ ಉಜ್ಜಿ, ಕೊಬ್ಬರಿ ಎಣ್ಣೆ ತಿಕ್ಕುವುದು ನನ್ನಮ್ಮನ ಕೆಲಸ. ಆ ಕೂಲಿಯ ಮೇಲೆ ನಾನು ತುಮಕೂರಿನ ಹಾಸ್ಟೆಲಿನಲ್ಲಿದ್ದು ಬಿ.ಎ. ಓದುತ್ತಿದ್ದೆ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಮ್ಮ ವಂಶದಲ್ಲಿ ಗಂಡಸರೇ ಹೈಸ್ಕೂಲು ದಾಟಿರಲಿಲ್ಲ.

ಆಚಾರ್ರ ಉಡಿದಾರದಲ್ಲಿ ಕೆಟ್ಟ ರೇಡಿಯೋದಿಂದ ಕಿತ್ತ ಆಯಸ್ಕಾಂತ ನೇತಾಡುತ್ತಿತ್ತು. ಚೇಳೂರಿನ ಕಡೆಯಿಂದ ದಿಮ್ಮಿ ತರುವ ಗಾಡಿಯವನು ಎತ್ತು ಬಿಚ್ಚುವ ಮೊದಲೇ ದಿಮ್ಮಿಯ ಮೇಲೆಲ್ಲ ಅದನ್ನು ಆಡಿಸುತ್ತಿದ್ದರು. ಜನ ಮರಕ್ಕೆ ಮೊಳೆ ಹೊಡೆದು ಹಗ್ಗ ಕಟ್ಟುತ್ತಾರೆ, ಮರ ಆ ಮೊಳೆಯನ್ನು ನುಂಗಿಕೊಂಡು ಬೆಳೆಯುತ್ತದೆ. ಹಲಸಿಗೆ ಕಬ್ಬಿಣ ಸೋಕಿತೋ, ಹಳದಿ ಮರ ನೀಲಿಗಪ್ಪು.

"ಮೊಳೆ ಇಲ್ಲ ಆಚಾರ್ರೇ, ನಮ್ಮಪ್ಪನಾಣೆ."

"ನಿಮ್ಮಪ್ಪನ್ನೂ ನೋಡಿದೀನಿ ಕಣ್ಲಾ. ಸರಿ ಅತ್ಲಾಗೆ."

ಟೀ ಅಂಗಡಿಯಲ್ಲಿ ಲೋಟವನ್ನು ಬೆಳಕಿಗೆ ಹಿಡಿಯದೆ ಬಾಯಿಗಿಟ್ಟವರಲ್ಲ. ನಾನು ಪೇಪರ್ ಓದಿ ಹೇಳಿದರೆ, "ಬರ್ದೋನು ಅಲ್ಲಿದ್ನಾ ಅಮ್ಮಣ್ಣಿ?" ಎನ್ನುತ್ತಿದ್ದರು.

ನಾನು ಬೇಸಿಗೆ ರಜಕ್ಕೆ ಬಂದಿದ್ದಾಗ ತುಮಕೂರಿನ ಅಂಗಡಿಯವರು ಮೂಟೆ ಬಟ್ಟಲು ವಾಪಸ್ ಕಳಿಸಿದರು. ಒಂದೊಂದರ ಅಂಚಿನಲ್ಲೂ ಬೆರಳಗಲದ ಕಪ್ಪು ಕಲೆ. ಅಮ್ಮ ನಿಂಬೆ ಹೋಳು ಉಜ್ಜಿದಳು, ಕಲೆ ಹೋಯಿತು. ಆದರೆ ಹೊಸದಾಗಿ ಕಡೆದ ಬಟ್ಟಲಿನಲ್ಲಿ ಮತ್ತೆ ಮೂಡಿತು. ನಿಂಬೆಗೆ ಹೋಗುವ ಕಲೆ ಕಬ್ಬಿಣದ್ದೇ ಎಂಬುದು ಆಚಾರ್ರಿಗೆ ಗೊತ್ತು. ಮರದಲ್ಲಿ ಮೊಳೆ ಇಲ್ಲ. ಮತ್ತೆ ಕಬ್ಬಿಣ ಎಲ್ಲಿಂದ ಬಂತು?

ಮೊದಲು ಗಾಡಿಯವನನ್ನು ಹಿಡಿದರು. ಆಮೇಲೆ ನನ್ನನ್ನು. "ಪೆನ್ನಿನ ಮಸಿ ಕೈಲಿ ಬಟ್ಟಲು ಮುಟ್ಟಿದ್ಯಾ? ಬೆರಳು ತೋರ್ಸು." ತೋರಿಸಿದೆ. ಮಾರನೆಯ ದಿನ ಬೀದಿ ನಲ್ಲಿಯ ಹತ್ತಿರ, ಕೊಡ ಹಿಡಿದ ಹೆಂಗಸರೆಲ್ಲರ ಮುಂದೆ, ಅಮ್ಮನನ್ನು ತಡೆದು ನಿಲ್ಲಿಸಿದರು.

"ಕಬ್ಬಿಣದ ಕಾವಲಿ ತಿಕ್ಕಿದ ಕೈನ ಹಂಗೇ ತಂದು ನನ್ನ ಬಟ್ಟಲು ಮುಟ್ತೀಯ. ನಾಳೆಯಿಂದ ಬರ್ಬೇಡ ಕಣವ್ವ."

ನನ್ನ ಕಾಲೇಜು ಅಲ್ಲಿಗೇ ಮುಗಿಯಿತು ಅನ್ನಿಸಿತು. ಅಮ್ಮ ಕೊಡ ಕೆಳಗಿಟ್ಟಳು.

"ಕಾವಲಿ ಏನು ನೆನ್ನೆ ಮೊನ್ನೆ ತಂದಿದ್ದಾ ಆಚಾರ್ರೇ? ನೋಡ್ದಂಗೆ ಹೇಳ್ತೀರಲ್ಲ, ಯಾರು ನೋಡ್ದೋರು?"

ಪೇಪರಿನ ಸುದ್ದಿಗೆ ಅವರೇ ಕೇಳುತ್ತಿದ್ದ ಪ್ರಶ್ನೆ ಅದು. ಎಡಗಣ್ಣಿನ ರೆಪ್ಪೆ ಅದುರಿತು. "ಆಗ್ಲಿ, ಪರೀಕ್ಷೆ ಮಾಡೋವ," ಎಂದರು.

ಒಂದೇ ದಿಮ್ಮಿಯಿಂದ ಸೀಳಿದ ಹಲಗೆಗಳನ್ನು ನೀರಲ್ಲಿ ಒದ್ದೆ ಮಾಡಿ ಶೆಡ್ಡಿನಲ್ಲಿ ಸಾಲಾಗಿಟ್ಟರು. ಗಾಡಿಯವನು ಕೈ ಒತ್ತಿದ. ನಾನು ಒತ್ತಿದೆ. ಅಮ್ಮ ಬೇಕೆಂದೇ ಕಾವಲಿ ತಿಕ್ಕಿ, ಎಂದಿನಂತೆ ಕೈ ತೊಳೆದು ಬಂದು ಒತ್ತಿದಳು. ಆಚಾರ್ರು ಗೋಣಿತಾಟು ಮುಚ್ಚಲು ಹೋದರು.

"ನಿಮ್ದು?" ಅಂದಳು ಅಮ್ಮ.

"ನಂದ್ಯಾಕವ್ವ? ನನ್ನ ಮಾಲು ನಾನೇ ಕೆಡಿಸ್ಕತೀನಾ?"

"ಊರೋರೆಲ್ಲ ಕಳ್ಳರು, ನೀವೊಬ್ರೇ ಸಾಚಾನಾ? ಇಡಿ ಕೈಯ."

ಗಾಡಿಯವನು ಕಿಸಕ್ಕನೆ ನಕ್ಕ. ಆಚಾರ್ರು ಅವನನ್ನು ದುರುಗುಟ್ಟಿ ನೋಡಿ, ಇನ್ನೊಂದು ಹಲಗೆ ಒದ್ದೆ ಮಾಡಿ, ಕೆಲಸದಿಂದೆದ್ದ ಕೈಯನ್ನು ಹಾಗೇ ಊರಿದರು. ಎಲ್ಲದರ ಮೇಲೂ ಒದ್ದೆ ಗೋಣಿತಾಟು ಹೊದಿಸಿ, ಯಾರೂ ಮುಟ್ಟಬಾರದೆಂದು ಶೆಡ್ಡಿಗೆ ಬೀಗ ಹಾಕಿ ಕೀಲಿಯನ್ನು ಅಮ್ಮನ ಕೈಗೆ ಕೊಟ್ಟರು. ತಮ್ಮ ಮೇಲೆ ತಮಗೇ ಅನುಮಾನ ಹುಟ್ಟಿದ್ದು ಆವಾಗಲೇ ಇರಬೇಕು.

ಬೆಳಿಗ್ಗೆ ಅಮ್ಮ ಬೀಗ ತೆಗೆದಳು. ಮೂರು ಹಲಗೆ ಹಳದಿಯಾಗೇ ಇದ್ದವು. ನಾಲ್ಕನೆಯದರಲ್ಲಿ ಐದು ಬೆರಳೂ ಅಂಗೈಯೂ ಅಚ್ಚುಕಟ್ಟಾಗಿ ಕಪ್ಪಗೆ ಮೂಡಿದ್ದವು, ಆಚಾರ್ರ ಸೊಟ್ಟ ಕಿರುಬೆರಳೂ ಸೇರಿ.

ಆಚಾರ್ರು ಲೇತಿನ ಪಕ್ಕದ ಸಾಣೆಕಲ್ಲಿನ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಅಲ್ಲಿ ಒಣಗಿದ ಬೂದಿಬಣ್ಣದ ಪುಡಿಗೆ ಆಯಸ್ಕಾಂತ ಸೋಕಿಸಿದರು. ಅದಕ್ಕೆ ಗಡ್ಡ ಬೆಳೆದ ಹಾಗೆ ಪುಡಿ ಅಂಟಿ ನಿಂತಿತು. ಮೊದಲೆಲ್ಲ ಅವರು ಬಾವಿಕಟ್ಟೆಯಲ್ಲಿ ಉಳಿ ಮಸೆದು ಅಲ್ಲೇ ಕೈ ತೊಳೆದು ಬರುತ್ತಿದ್ದರು. ಮಂಡಿ ನೋವು ಶುರುವಾದ ಮೇಲೆ ಕಲ್ಲನ್ನು ಒಳಗೆ ತರಿಸಿಕೊಂಡು, ಮಸೆದ ಕೈಯನ್ನು ಟವೆಲಿಗೆ ಒರೆಸಿ ಹಾಗೇ ಬಟ್ಟಲು ಹಿಡಿಯುತ್ತಿದ್ದರು. ಉಳಿಯ ಕಬ್ಬಿಣವೇ ಅವರ ಕೈಯಲ್ಲಿತ್ತು.

ತಪ್ಪಾಯಿತು ಎಂಬ ಮಾತು ಅವರ ಬಾಯಲ್ಲಿ ಬರಲಿಲ್ಲ. ಆ ಹಲಗೆಯನ್ನು ಹೆಗಲ ಮೇಲಿಟ್ಟುಕೊಂಡು, ಕುಂಟುತ್ತಾ ಬೀದಿ ನಲ್ಲಿಗೆ ಹೋದರು. ನೀರು ಹಿಡಿಯುತ್ತಿದ್ದ ಹೆಂಗಸರಿಗೆ ತಿರುಗಿಸಿ ತೋರಿಸಿದರು. "ನೋಡ್ಕಳಿ. ಕಳ್ಳ ಸಿಕ್ದ. ಆವಮ್ಮನ ಕೈ ಚೊಕ್ಕಟವಾಗೈತೆ." ಅಲ್ಲಿಂದ ಟೀ ಅಂಗಡಿಗೂ ಹೋದರು. ವಾಪಸ್ ಬಂದು ಹಲಗೆಯನ್ನು ಲೇತಿನ ಮೇಲ್ಗಡೆ ನೇತುಹಾಕಿದರು. ಯಾರಾದರೂ ಕೇಳಿದರೆ, "ಬಸ್ ಸ್ಟ್ಯಾಂಡಿನಲ್ಲಿ ಪಿಕ್‌ಪಾಕೆಟ್ಟವರ ಫೋಟೋ ಹಾಕಿರ್ತಾರಲ್ಲ, ಹಂಗೇ," ಎನ್ನುತ್ತಿದ್ದರು.

ಅಮ್ಮ ಅವತ್ತೇ ಕೆಲಸಕ್ಕೆ ಕೂತಳು. ರಜ ಮುಗಿದ ಮೇಲೆ ನಾನು ಮತ್ತೆ ಕಾಲೇಜಿಗೆ ಹೋದೆ.

ಡಿಗ್ರಿ ಸರ್ಟಿಫಿಕೇಟು ಬಂದಾಗ ಮೊದಲು ಅವರಿಗೇ ತೋರಿಸಿದೆ. ಕೈ ತೊಳೆದು ಬಂದು, ಕಾಗದವನ್ನು ಬಿಸಿಲಿಗೆ ಹಿಡಿದು, ಅರ್ಧ ರೆಪ್ಪೆಯ ಕಣ್ಣಿನಲ್ಲೇ ಹಿಂದೆ ಮುಂದೆ ನೋಡಿದರು. ಮುದ್ರೆಯ ಮೇಲೆ ಉಗುರಿನಿಂದ ಮೆಲ್ಲಗೆ ಕೆರೆದರು. "ಅಸಲೀನೇ ಕಣಮ್ಮಣ್ಣಿ," ಎಂದರು. ನನಗೆ ಯೂನಿವರ್ಸಿಟಿ ಕೊಟ್ಟದ್ದಕ್ಕಿಂತ ಗಟ್ಟಿಯಾದ ಮುದ್ರೆ ಅದು.

ಎಂಬತ್ತರ ದಶಕದಲ್ಲಿ ನಾನು ಕುಣಿಗಲ್ಲಿನ ಶಾಲೆಯಲ್ಲಿ ಮೇಡಂ ಆಗಿದ್ದಾಗ ಅವರು ತೀರಿಕೊಂಡರು. ಸುದ್ದಿ ಸಿಕ್ಕಿ ಬಸ್ಸು ಹತ್ತಿ ಬರುವಷ್ಟರಲ್ಲಿ ಮಣ್ಣಾಗಿತ್ತು. ತಿಥಿ ಕಳೆದ ಮೇಲೆ ಅವರ ಮಗ ಶೆಡ್ಡು ಖಾಲಿ ಮಾಡುತ್ತಾ, "ಅಪ್ಪನ ನೆನಪಿಗೆ ಒಂದು ಬಟ್ಟಲು ತಗಳಿ ಮೇಡಂ," ಎಂದ. ನಾನು ಹಲಗೆ ಕೇಳಿದೆ. ಅವನಿಗೆ ಸಂಕೋಚವಾಯಿತು.

"ಒಂದ್ನಿಮಿಷ ತಡೀರಿ, ನಿಂಬೆಹಣ್ಣು ಉಜ್ಜಿ ಕಲೆ ತೆಗೆದು ಕೊಡ್ತೀನಿ."

ಅಮ್ಮ ಹಲಗೆಯನ್ನು ಅವನ ಕೈಯಿಂದ ಕಿತ್ತುಕೊಂಡು ಸೆರಗಿನಲ್ಲಿ ಸುತ್ತಿಕೊಂಡಳು.

ನನ್ನ ಡಿಗ್ರಿ ಟ್ರಂಕಿನಲ್ಲಿದೆ. ಗೋಡೆಯ ಮೇಲಿರುವುದು ಆಚಾರ್ರ ಕೈ.